ಲೋಕಾಪವಾದದ ಆಚೆಗೆ

ಮನುಷ್ಯನು ಬರುವ ಮುನ್ನವೇ ಅವನನ್ನು ಕುರಿತ ಮಾತು ಬಂದು ಜಗಲಿಯ ಮೇಲೆ ಕುಳಿತಿರುತ್ತದೆ. ಮಹಾನಗರದ ನಿವಾಸಿಯು ಮನೆ ಬದಲಿಸಿಯಾದರೂ ಆ ಮಾತಿನಿಂದ ತಪ್ಪಿಸಿಕೊಂಡಾನು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಸಮಾಜದಲ್ಲಿ ಆ ಅನುಕೂಲವಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ, ಒಹಾಯೊ, ಇಂಡಿಯಾನ ರಾಜ್ಯಗಳಲ್ಲಿ ಹೆಚ್ಚಾಗಿ ನೆಲೆಸಿರುವ ಅಮಿಶ್ ಕ್ರೈಸ್ತರದು ಅಂತಹ ಸಮಾಜ. ಕುದುರೆಗಾಡಿಯ ಸಂಚಾರ, ಸರಳವಾದ ಉಡುಪು, ಚರ್ಚಿನ ಕಟ್ಟಡವಿಲ್ಲದೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ನಡೆಸುವ ಆರಾಧನೆ—ಇವು ಅವರಲ್ಲಿನ ಸಂಪ್ರದಾಯಸ್ಥರ ಬಾಳಿನ ಲಕ್ಷಣಗಳು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ಹಿಂದೆ ಈ ಪಂಥ ಪ್ರತ್ಯೇಕವಾಯಿತು. ಸಭೆಯಿಂದ ಹೊರಹಾಕಲ್ಪಟ್ಟವರೊಡನೆ ಪಂಕ್ತಿಭೋಜನವೂ ಕೂಡದೆಂಬ ಬಹಿಷ್ಕಾರದ ಕಟ್ಟುನಿಟ್ಟು ಆ ಒಡಕಿಗೆ ಮುಖ್ಯ ಕಾರಣಗಳಲ್ಲೊಂದಾಗಿತ್ತು.

ಇಂಥವರ ನಡುವೆ ನಡೆಯುವ ಪ್ರೇಮಕಥೆಗಳಿಗೆ ಅಮೆರಿಕದಲ್ಲಿ ಅಪಾರ ಓದುಗರಿದ್ದಾರೆ. ಬೆವರ್ಲಿ ಲೂಯಿಸ್ 1997ರಲ್ಲಿ ಪ್ರಕಟಿಸಿದ ‘ದಿ ಶನ್ನಿಂಗ್’ ಕಾದಂಬರಿ ಈ ಪ್ರವಾಹಕ್ಕೆ ದಾರಿ ತೆರೆಯಿತು. ಹೆಸರು ಕೆಟ್ಟ ಹುಡುಗಿ, ಊರ ಮಾತಿಗೆ ಕಿವಿಗೊಡದೆ ಅವಳನ್ನು ಮೆಚ್ಚುವ ರೈತಯುವಕ, ಕಡೆಗೆ ಸುಗ್ಗಿ ಮುಗಿದ ಮೇಲೆ ಮದುವೆ—ಇದು ಆ ಕಥೆಗಳ ಒಂದು ಪರಿಚಿತ ಹಾದಿ. ಆದರೆ ಅವುಗಳಲ್ಲಿ ಅನೇಕವು ಒಂದು ಸುಲಭೋಪಾಯವನ್ನು ಹಿಡಿಯುತ್ತವೆ: ಅಪವಾದವು ಸುಳ್ಳೆಂದು ಕೊನೆಯಲ್ಲಿ ತಿಳಿದುಬಿಡುತ್ತದೆ. ಸುಳ್ಳಾದ ಅಪವಾದವನ್ನು ದಾಟುವುದು ಅಷ್ಟೇನೂ ಕಷ್ಟವಲ್ಲ. ಹುಡುಗಿ ನಿಜವಾಗಿಯೂ ತಪ್ಪಿದ್ದರೆ? ಆಗ ಆ ಯುವಕನ ಪ್ರೀತಿ ಏನಾಗಬೇಕು?

ಈ ಪ್ರಶ್ನೆಗೆ ಕಾದಂಬರಿಗಳಿಗಿಂತ ಅಮಿಶರ ಆಚಾರವೇ ಗಂಭೀರವಾದ ಉತ್ತರವನ್ನು ಕೊಡುತ್ತದೆ. ದೊಡ್ಡ ತಪ್ಪು ಮಾಡಿದವರು ಸಭೆಯ ಮುಂದೆ ಮೊಣಕಾಲೂರಿ ಅದನ್ನು ಒಪ್ಪಿಕೊಳ್ಳಬೇಕು. ಸಭೆ ಕ್ಷಮಿಸಿದ ಬಳಿಕ ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಎತ್ತಿ ಆಡುವುದು ತಪ್ಪು. ವರ್ಷಕ್ಕೆರಡು ಬಾರಿ ನಡೆಯುವ ಪ್ರಭುಭೋಜನ ಸಂಸ್ಕಾರಕ್ಕೆ ಮುನ್ನ ಪರಸ್ಪರ ಮನಸ್ತಾಪಗಳೂ ತೀರಿರಬೇಕು. ಸಭೆಯಲ್ಲಿ ಒಮ್ಮತವಿಲ್ಲದಿದ್ದರೆ ಆ ಸಂಸ್ಕಾರವನ್ನೇ ಮುಂದೂಡುವುದುಂಟು. ‘ಇದ್ದದ್ದನ್ನೇ ಹೇಳಿದೆ’ ಎಂಬುದು ಚಾಡಿಕೋರನ ಹಳೆಯ ಸಮರ್ಥನೆ. ಅದಕ್ಕೆ ಇಲ್ಲಿ ಆಸ್ಪದವಿಲ್ಲ.

ಇದರಲ್ಲಿ ಅಪಾಯವೂ ಅಡಗಿದೆ. ಮುಗಿಯಿತೆಂದು ಸಭೆ ಮುಚ್ಚಿದ ಪ್ರಕರಣಗಳಲ್ಲಿ ಹೆಂಗಸರು, ಮಕ್ಕಳು ಅನುಭವಿಸಿದ ಅತ್ಯಾಚಾರಗಳೂ ಇದ್ದವು. ಮುಂದೆ ಕೆಲವು ನ್ಯಾಯಾಲಯದ ಮೆಟ್ಟಿಲೇರಿದವು. ನೊಂದವಳು ತನ್ನ ನೋವನ್ನು ಹೇಳಿದರೆ ಅದು ಚಾಡಿಯಲ್ಲ. ಅವಳ ಬಾಯಿ ಮುಚ್ಚಿಸುವ ಅಧಿಕಾರವನ್ನು ಕ್ಷಮೆಯ ಹೆಸರಿನಲ್ಲಿ ಯಾವ ಸಭೆಯೂ ಪಡೆಯಲಾರದು.

ಆದರೂ ಈ ಜನರ ಸಂಯಮ ಹುಸಿಯಲ್ಲವೆಂಬುದನ್ನು ಜಗತ್ತು 2006ರಲ್ಲಿ ಕಂಡಿತು. ಆ ವರ್ಷದ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್ ಎಂಬಲ್ಲಿನ ಒಂದೇ ಕೋಣೆಯ ಶಾಲೆಗೆ ನುಗ್ಗಿದವನೊಬ್ಬನು ಹತ್ತು ಬಾಲಕಿಯರ ಮೇಲೆ ಗುಂಡು ಹಾರಿಸಿದನು. ಐವರು ಸತ್ತರು, ಅವನೂ ತನ್ನನ್ನು ಕೊಂದುಕೊಂಡನು. ಅವನು ಅಮಿಶ್ ಪಂಥದವನಲ್ಲ. ಆ ಪ್ರದೇಶದ ಹಾಲಿನ ಲಾರಿಯ ಚಾಲಕ. ಉಳಿದವರು ಅವನ ಹೆಂಡತಿ, ಮಕ್ಕಳು, ತಂದೆತಾಯಿ. ಹಂತಕನ ಮನೆಯವರೆಂಬ ಹೆಸರೊಂದೇ ಆಗ ಅವರ ಪಾಲಿಗೆ ಉಳಿದಿತ್ತು. ಆದರೆ ಬಹು ಬೇಗನೆ ಅಮಿಶ್ ನೆರೆಯವರು ಆ ಕುಟುಂಬದವರನ್ನು ಸಂತೈಸಲು ಬಂದರು. ಅವನನ್ನು ಮಣ್ಣು ಮಾಡುವ ದಿನ, ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರೂ ಬಂದು ನಿಂತರು.

ಬದುಕುಳಿದ ಒಬ್ಬ ಬಾಲಕಿಗೆ ನಡೆಯುವ, ಮಾತಾಡುವ ಶಕ್ತಿ ಉಳಿಯಲಿಲ್ಲ. ಹಂತಕನ ತಾಯಿಗೆ ಆ ಮನೆಯ ಬಾಗಿಲು ತೆರೆದಿತ್ತು. ಆಕೆ ವಾರಕ್ಕೊಮ್ಮೆ ಹೋಗಿ ಮಗುವಿಗೆ ಸ್ನಾನ ಮಾಡಿಸಿ, ಕಥೆ ಓದಿ, ಪಕ್ಕದಲ್ಲಿ ಕುಳಿತು ಹಾಡುತ್ತಿದ್ದಳು.