ರಾತ್ರಿ ಉಳಿಯದ ನೆಂಟ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಲಕ್ಷದ್ವೀಪಕ್ಕೆ ಹೋಗುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಹಡಗಿನಲ್ಲಿ ಹೋಗುವುದೋ, ವಿಮಾನದಲ್ಲಿ ಹೋಗಿ ಒಂದೇ ದ್ವೀಪದಲ್ಲಿ ಉಳಿಯುವುದೋ ಎಂಬುದಷ್ಟೇ ಉಳಿದ ಪ್ರಶ್ನೆ. ನಾನು ಹಡಗಿನ ಪರ. ಐದು ದಿನ, ಮೂರು ದ್ವೀಪ. ಊಟ, ಹಾಸಿಗೆ, ಶೌಚಾಲಯ ಎಲ್ಲವೂ ಹಡಗಿನಲ್ಲೇ. ಬೆಳಿಗ್ಗೆ ದ್ವೀಪದಲ್ಲಿ ಇಳಿಸುತ್ತಾರೆ, ಸಂಜೆ ವಾಪಸ್ ಹತ್ತಿಸಿಕೊಳ್ಳುತ್ತಾರೆ, ರಾತ್ರಿ ನಾವು ಮಲಗಿರುವಾಗ ಹಡಗು ಮುಂದಿನ ದ್ವೀಪಕ್ಕೆ ಹೊರಟಿರುತ್ತದೆ. ಎಪ್ಪತ್ತನಾಲ್ಕರ ಅಮ್ಮನಿಗೆ ಪೆಟ್ಟಿಗೆ ಬಿಚ್ಚುವ, ಕಟ್ಟುವ ರಗಳೆ ಇಲ್ಲ.

ಅಮ್ಮ ಎಲ್ಲ ಕೇಳಿಸಿಕೊಂಡು, "ಒಂದು ಊರಲ್ಲಿ ಒಂದು ರಾತ್ರಿಯಾದರೂ ಮಲಗದೆ ಆ ಊರಿಗೆ ಹೋಗಿದ್ದೆ ಅಂತ ಹೇಳ್ಲಿಕ್ಕೆ ಆಗ್ತದಾ?" ಅಂದರು.

ನಾನು ನಕ್ಕೆ. ಆಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ.

ಅಮ್ಮನಿಗೆ ಲಕ್ಷದ್ವೀಪ ಬರೀ ನೀಲಿ ನೀರು, ಬಿಳಿ ಮರಳಿನ ಚಿತ್ರವಲ್ಲ. ಅಪ್ಪ ಮಂಗಳೂರಿನ ಬಂದರಿನಲ್ಲಿ ಹಗ್ಗದ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದ್ವೀಪದಿಂದ ಬರುತ್ತಿದ್ದ ತೆಂಗಿನ ನಾರಿನ ಹುರಿಯನ್ನು ತೂಗಿ, ಲೆಕ್ಕ ಬರೆದು, ಅಲ್ಲಿಗೆ ಹೋಗುವ ಅಕ್ಕಿ ಮೂಟೆಗಳನ್ನು ಎಣಿಸುವುದು ಅವರ ಕೆಲಸ. ಮಳೆಗಾಲ ಮುಗಿದು ಕಡಲು ತೆರೆದ ಮೇಲೆ ಮೊದಲ ಮಂಜಿ ಬಂತೆಂದರೆ ಅಪ್ಪ ರಾತ್ರಿ ಮನೆಗೆ ಬರುತ್ತಿದ್ದುದೇ ಹತ್ತು ಗಂಟೆಗೆ. "ಒಮ್ಮೆ ಇವರ ಜೊತೆ ಹೋಗಿ ಬರಬೇಕು" ಎಂದು ಮೂವತ್ತು ವರ್ಷ ಹೇಳಿದರು. ಹೋಗಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಈ ನಂಟು ನಮ್ಮ ಮನೆಯೊಂದರದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1780ರ ದಶಕದಲ್ಲಿ ಅಮಿನಿಯವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಟಿಪ್ಪುವಿನ ಮೊರೆಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ದ್ವೀಪಗಳು ಕಂಪನಿಯ ಕೈಸೇರಿ ಮಂಗಳೂರಿನ ಕಲೆಕ್ಟರರ ಅಡಿಗೆ ಬಂದವು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಲಗೂನಿನ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆದ ಹುರಿಯನ್ನು ಸರಕಾರವೇ ಕೊಳ್ಳುತ್ತಿತ್ತು, ತಾನೇ ಹೇಳಿದ ದರಕ್ಕೆ. ಬದಲಿಗೆ ಅಕ್ಕಿ. ಅಪ್ಪ ಹುಟ್ಟಿದಾಗ ಕಡಮತ್ ನಮ್ಮದೇ ಜಿಲ್ಲೆಯ ಒಂದು ಊರು. ನಮ್ಮಲ್ಲಿ ಹೆಚ್ಚಿನವರಿಗೆ ಈಗ ಅದು ಮೊಬೈಲಿನಲ್ಲಿ ಬರುವ ಪ್ರವಾಸದ ಜಾಹೀರಾತು.

ನಾನು ಒಮ್ಮೆ ಹಡಗಿನಲ್ಲಿ ಹೋಗಿದ್ದೇನೆ, 2013ರಲ್ಲಿ, ಕಾಲೇಜಿನ ಸಹೋದ್ಯೋಗಿಗಳ ಜೊತೆ. ಕೊಚ್ಚಿಯಿಂದ ಹೊರಡುವ ಸರಕಾರಿ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್. ಸುಳ್ಳು ಹೇಳಬಾರದು, ನನಗೆ ಖುಷಿಯಾಗಿತ್ತು. ಹವಳದ ದಿಬ್ಬದ ಹೊರಗೆ ಹಡಗು ನಿಲ್ಲುತ್ತದೆ, ಸಣ್ಣ ದೋಣಿಗಳು ಬಂದು ನಮ್ಮನ್ನು ಇಳಿಸಿಕೊಳ್ಳುತ್ತವೆ. ಮಿನಿಕಾಯ್‌ಯಲ್ಲಿ 1885ರ ದೀಪಸ್ತಂಭ ಹತ್ತಿದೆವು. ಅಲ್ಲಿಯವರು ಮಲಯಾಳವಲ್ಲ, ಮಾಲ್ಡೀವ್ಸಿನವರ ಭಾಷೆಗೆ ಸೇರಿದ ಮಹಲ್ ಮಾತಾಡುತ್ತಾರೆ, ಬಲದಿಂದ ಎಡಕ್ಕೆ ಬರೆಯುತ್ತಾರೆ ಎಂದೆಲ್ಲ ಗೈಡ್ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲ ಕಡೆಯೂ ಎಳನೀರು ಕೊಟ್ಟರು, ಮಧ್ಯಾಹ್ನ ಮೀನಿನ ಊಟ, ಆಮೇಲೆ ಅರ್ಧ ಗಂಟೆಯ ನೃತ್ಯ. ಸಂಜೆ ಐದಕ್ಕೆ ನಾವು ದೋಣಿಯಲ್ಲಿ. ನೃತ್ಯ ಮಾಡಿದವರು ವೇಷ ಕಳಚುವ ಮೊದಲೇ ನಾವು ಹೊರಟಾಗಿತ್ತು.

ಆ ಪ್ರವಾಸದಲ್ಲಿ ನನಗೆ ನೆನಪುಳಿದದ್ದು ಬೇರೆಯೇ. ಕವರತ್ತಿಯಲ್ಲಿ ಈಜಿ ಬಂದು ಮೈಯೆಲ್ಲ ಮರಳು. ದಾರಿ ಬದಿಯ ಮನೆಯೊಂದರ ಬಾವಿಯ ಹತ್ತಿರ ಒಬ್ಬರು ಹಿರಿಯರು ಕೂತಿದ್ದರು. ಕಾಲು ತೊಳೆಯಲೇ ಎಂದು ಕೇಳಿದೆ. ತಲೆಯಾಡಿಸಿದರು. ನಾನು ಕಾಲು ತೊಳೆದೆ, ಕೈ ತೊಳೆದೆ, ತಲೆಗೂ ಸುರಿದುಕೊಂಡೆ. ನಮ್ಮ ಇನ್ನಿಬ್ಬರು ಬಂದರು, ಅವರೂ ಸುರಿದುಕೊಂಡರು. ಹತ್ತು ಹನ್ನೆರಡು ಕೊಡಪಾನ ಆಗಿರಬಹುದು. ಅವರು ಏನೂ ಹೇಳಲಿಲ್ಲ. ಮಂಗಳೂರು ಎಂದಾಗ ಮುಖ ಅರಳಿತು. ಮೂಲ ಅಮಿನಿಯವರಂತೆ, ಮಗನಿಗೆ ಇಲ್ಲಿ ಸರಕಾರಿ ಕೆಲಸ. ಹುಡುಗನಾಗಿದ್ದಾಗ ಓಡದಲ್ಲಿ ಮಂಗಳೂರಿಗೆ ಬಂದು ವಾರಗಟ್ಟಲೆ ಬಂದರಿನಲ್ಲಿ ಇದ್ದವರು. ಇನ್ನೂ ಮಾತಾಡಬಹುದಿತ್ತು. ಅಪ್ಪನ ಅಂಗಡಿಯ ಗುರುತು ಹೇಳಿದ್ದರೆ ಅವರಿಗೆ ಗೊತ್ತಿರುತ್ತಿತ್ತೋ ಏನೋ. ಅಷ್ಟರಲ್ಲಿ ಸೀಟಿ ಊದಿದರು, ನಾವು ಓಡಿದೆವು.

ಅವರ ಬಾವಿಯ ನೀರು ಎಂಥದ್ದೆಂದು ನನಗೆ ತಿಳಿದದ್ದು ಊರಿಗೆ ಬಂದು ಓದಿದ ಮೇಲೆ. ಆ ದ್ವೀಪಗಳಲ್ಲಿ ನದಿಯಿಲ್ಲ, ತೊರೆಯಿಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ಒಂದು ಮಸೂರದಂತೆ ತೇಲುತ್ತಿರುತ್ತದೆ. ಬಾವಿಗಳಿಗೆ ಅಷ್ಟೇ ಆಧಾರ. ಹೆಚ್ಚು ಸೇದಿದರೆ ಕೆಳಗಿನಿಂದ ಕಡಲು ಏರುತ್ತದೆ, ಏರಿದ್ದು ಬೇಗ ಇಳಿಯುವುದಿಲ್ಲ. ಕವರತ್ತಿಯಲ್ಲಿ 2005ರಿಂದ ಸಮುದ್ರದ ಮೇಲಿನ ಬಿಸಿ ನೀರು ಮತ್ತು ಆಳದ ತಣ್ಣೀರಿನ ವ್ಯತ್ಯಾಸದಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಇದೆ, ನಿಜ. ಅದು ಕುಡಿಯಲಿಕ್ಕೆ. ನಾನು ಚೆಲ್ಲಿದ್ದು ಮಸೂರದ ನೀರು. ಆ ಹಿರಿಯರಿಗೆ ಇದೆಲ್ಲ ಗೊತ್ತಿತ್ತು, ಆದರೂ ಬೇಡ ಅನ್ನಲಿಲ್ಲ.

ಹಾಗಾದರೆ ಹಡಗೇ ಸರಿಯಲ್ಲವೇ? ಮಗಳ ವಾದವೂ ಇದೇ. ಅವಳು ಪರಿಸರ ವಿಜ್ಞಾನದ ವಿದ್ಯಾರ್ಥಿನಿ. ಹತ್ತು ಜನವಸತಿ ದ್ವೀಪ, ಒಟ್ಟು ಮೂವತ್ತೆರಡು ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯ ಪ್ರಕಾರ 64 ಸಾವಿರ ಚಿಲ್ಲರೆ ಜನ. ಅಂಥಲ್ಲಿ ಹೋಗಿ ಮಲಗುವವನು ಅವರ ನೀರು ಕುಡಿಯುತ್ತಾನೆ, ಅವರ ನೆಲದಲ್ಲಿ ಕೊಳಚೆ ಇಂಗಿಸುತ್ತಾನೆ, ಹೊರನಾಡಿನಿಂದ ತಂದ ಡೀಸೆಲ್ ಸುಟ್ಟ ವಿದ್ಯುತ್ತಿನಲ್ಲಿ ಎ.ಸಿ. ಹಾಕುತ್ತಾನೆ. ಹಡಗಿನವನು ತನ್ನ ನೀರನ್ನೂ ಕಸವನ್ನೂ ತಾನೇ ಹೊತ್ತುಕೊಂಡು ಬರುತ್ತಾನೆ, ಹೊತ್ತುಕೊಂಡು ಹೋಗುತ್ತಾನೆ. (ಹೀಗೆಂದವಳೇ, ದೊಡ್ಡ ಕ್ರೂಸ್ ಹಡಗು ಸುಡುವ ಎಣ್ಣೆಯ ಲೆಕ್ಕ ತೆಗೆದು ತನ್ನ ವಾದವನ್ನು ತಾನೇ ಅರ್ಧ ಮುರಿದಳು. ಇಟಲಿ 2021ರಲ್ಲಿ ದೊಡ್ಡ ಹಡಗುಗಳನ್ನು ವೆನಿಸ್‌ನ ಜುದೆಕ್ಕಾ ಕಾಲುವೆಯಿಂದ ಹೊರಗಿಟ್ಟದ್ದನ್ನೂ ಹೇಳಿದಳು.) ಕೊನೆಗೆ ಅವಳ ತೀರ್ಪು: "ಹೋಗದೇ ಇರುವುದೇ ಒಳ್ಳೆಯದು ಪಪ್ಪಾ."

ಹೋಗದಿರುವುದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಅಮ್ಮನ ಮಾತು.

ಅಮ್ಮನಿಗೆ ಮನುಸ್ಮೃತಿ ಗೊತ್ತಿಲ್ಲ, ನನಗೂ ಅದರ ಮೇಲೆ ಪ್ರೀತಿಯಿಲ್ಲ. ಆದರೆ ಅದರ ಮೂರನೆಯ ಅಧ್ಯಾಯದಲ್ಲಿ ಅತಿಥಿ ಎಂದರೆ ಯಾರು ಎಂಬುದಕ್ಕೆ ಒಂದು ವಿವರಣೆ ಇದೆ: ಒಂದು ರಾತ್ರಿ ಮಾತ್ರ ಉಳಿಯುವವನು. ಅವನ ಇರವು ಅನಿತ್ಯ, ಆದ್ದರಿಂದ ಅತಿಥಿ. ನಾವು ಇದನ್ನು ಸಾಮಾನ್ಯವಾಗಿ ಮೇಲ್ಮಿತಿಯಾಗಿ ಓದುತ್ತೇವೆ, ಒಂದಕ್ಕಿಂತ ಹೆಚ್ಚು ರಾತ್ರಿ ಕೂರಬೇಡ ಅಂತ. ಅಮ್ಮ ಅದನ್ನು ಕೆಳಮಿತಿ ಮಾಡಿದರು. ಒಂದು ರಾತ್ರಿಯೂ ಉಳಿಯದವನು ಅತಿಥಿಯೇ ಅಲ್ಲ, ಹಾದುಹೋದವನು.

ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಇದೇ ಗೆರೆಯನ್ನು ಇನ್ನೊಂದು ಕಡೆಯಿಂದ ಎಳೆಯುತ್ತಾನೆ. ಭೂಮಿ ಗುಂಡಗಿದೆ, ಮನುಷ್ಯರು ಕೊನೆಯಿಲ್ಲದೆ ದೂರ ದೂರ ಚದುರಿ ಹೋಗಲಾರರು, ಎಲ್ಲೋ ಒಂದು ಕಡೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲೇಬೇಕು. ಆದ್ದರಿಂದ ಪರಊರಿಗೆ ಬಂದವನಿಗೆ ಹಗೆಯಂತೆ ಕಾಣಿಸಿಕೊಳ್ಳದಿರುವ ಹಕ್ಕು, ಅಂದರೆ ಭೇಟಿಯ ಹಕ್ಕು, ಉಂಟು. ಆದರೆ ಅತಿಥಿಯಾಗುವ ಹಕ್ಕು ಇಲ್ಲ. ಕೆಲವು ದಿನ ಮನೆಯವನಂತೆ ಇಟ್ಟುಕೊಳ್ಳಲು ಆ ಮನೆಯವರ ವಿಶೇಷ ಒಪ್ಪಂದ, ಅವರ ದೊಡ್ಡ ಮನಸ್ಸು ಬೇಕು. ಅದೇ ಪುಟಗಳಲ್ಲಿ ಅವನು ಯುರೋಪಿನ ವ್ಯಾಪಾರಿ ರಾಜ್ಯಗಳನ್ನು ಬೈಯುತ್ತಾನೆ: ಅವರಿಗೆ ಭೇಟಿಯೆಂದರೂ ಗೆಲ್ಲುವುದೆಂದರೂ ಒಂದೇ ಎಂದು. ಅವನು ಅದನ್ನು ಬರೆದ ನಾಲ್ಕೇ ವರ್ಷಕ್ಕೆ ಕಂಪನಿ ಅಮಿನಿಯ ಹುರಿಯನ್ನು ತೂಗುವ ಹಕ್ಕು ಪಡೆಯಿತು. ಇದನ್ನೆಲ್ಲ ಬರೆದ ಕಾಂಟ್ ತನ್ನ ಊರಿನ ಸುತ್ತಮುತ್ತ ಬಿಟ್ಟು ಎಲ್ಲಿಗೂ ಹೋಗಲಿಲ್ಲ ಎಂಬುದು ಬೇರೆ ಮಾತು.

ಹಡಗಿನ ಪ್ರವಾಸಿ ಭೇಟಿಯ ಹಕ್ಕಿನ ಗಡಿಯೊಳಗೆ ಇದ್ದಾನೆ. ಸಭ್ಯನೇ. ಆದರೆ ಅವನು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತು ಬಂದಿದ್ದಾನೆ; ಅವನಿಗೆ ಆ ಊರಿನವರಿಂದ ಏನೂ ಬೇಕಾಗಿಲ್ಲ. ಊರಿನವರು ಮುನಿಸಿಕೊಂಡರೂ ಅವನ ಹಾಸಿಗೆ ಅಲ್ಲೇ ಇರುತ್ತದೆ. ಇಲ್ಲಿ ನನಗೆ ಏನೋ ಸರಿಯಿಲ್ಲ ಅನಿಸುತ್ತದೆ. ನೆಂಟರ ಮನೆಯಲ್ಲಿ ರಾತ್ರಿ ಉಳಿದವನು ಹೊದಿಕೆ ಕೇಳಬೇಕು, ಬೆಳಿಗ್ಗೆ ಬಚ್ಚಲು ಎಲ್ಲಿ ಅಂತ ಕೇಳಬೇಕು, ಅವರು ಏಳುವ ಹೊತ್ತಿಗೆ ಏಳಬೇಕು. ಅಷ್ಟರ ಮಟ್ಟಿಗೆ ಅವರ ಕೈಯಲ್ಲಿದ್ದಾನೆ. ನಮ್ಮ ಅತಿಥಿದೇವರ ಪರಂಪರೆ ಆತಿಥ್ಯ ಕೊಡುವವನ ಕರ್ತವ್ಯವನ್ನು ಧಾರಾಳವಾಗಿ ಹೇಳಿದೆ. ಪಡೆಯುವವನು ಹೀಗೆ ಸ್ವಲ್ಪ ಸಣ್ಣವನಾಗಬೇಕು ಎಂಬುದನ್ನು ಅಷ್ಟಾಗಿ ಹೇಳಲಿಲ್ಲ.

ನೆಲದ ಮೇಲೆ ಉಳಿದರೆ ತಾನಾಗಿಯೇ ಹೀಗಾಗುತ್ತದೆ ಎಂದೂ ಅಲ್ಲ. ಬೇಲಿ ಹಾಕಿದ ರೆಸಾರ್ಟ್ ಎಂದರೆ ದಡ ಹತ್ತಿ ಕೂತ ಹಡಗು. ಅಲ್ಲಿ ಹಡಗಿನ ನಿರ್ಲಿಪ್ತತೆಯೂ ಉಂಟು, ಬಾವಿಗೆ ಹಾಕುವ ಪಂಪೂ ಉಂಟು. ಎರಡರ ಕೆಟ್ಟದ್ದು ಒಟ್ಟಿಗೆ. ಹಾಗೆ ಉಳಿಯುವುದಾದರೆ ಮಗಳ ಹಡಗೇ ಮೇಲು.

ನನ್ನ ತೊಡಕು ಇಷ್ಟು: ನಾನು ಎಷ್ಟು ಅತಿಥಿಯಾಗುತ್ತೇನೋ ಅಷ್ಟು ಅವರಿಗೆ ಭಾರ. ಎಷ್ಟು ಭಾರವಾಗದೆ ಇರುತ್ತೇನೋ ಅಷ್ಟು ಅವರಿಗೆ ಯಾರೂ ಅಲ್ಲ. ಹನ್ನೆರಡು ಕೊಡಪಾನದ ಆ ಹೊತ್ತಿನಲ್ಲಿ ಮಾತ್ರ ನಾನು ಆ ದ್ವೀಪದ ಒಬ್ಬ ಮನುಷ್ಯನ ಎದುರಿಗೆ ನಿಂತಿದ್ದೆ. ಅದೇ ಹೊತ್ತಿನಲ್ಲಿ ಅವರಿಗೆ ನಷ್ಟ ಮಾಡಿದ್ದೂ.

ಹೋಗದೇ ಇದ್ದರೆ ಕೈ ಶುದ್ಧ. ಮಗಳ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಕಡಲು ಬಿಸಿಯೇರಿ 1998ರಲ್ಲೂ 2010ರಲ್ಲೂ 2016ರಲ್ಲೂ ಅಲ್ಲಿನ ಹವಳ ಬಿಳಿಚಿಕೊಂಡದ್ದು ನೋಡಿದರೆ ಅವಳ ಸಿಟ್ಟು ನ್ಯಾಯವೇ. ಆದರೆ ಆ ಶುದ್ಧತೆ ನನಗೆ ದಕ್ಕುವಂಥದ್ದಲ್ಲ, ಯಾಕೆಂದರೆ ಅವರು ಇಲ್ಲಿಗೆ ಬರುತ್ತಲೇ ಇದ್ದಾರೆ. ಕಾಯಿಲೆಗೆ, ಕಾಲೇಜಿಗೆ, ಸಾಮಾನಿಗೆ ದ್ವೀಪದವರು ಕರಾವಳಿಗೆ ಬರಲೇಬೇಕು. ಬರುವವರಿಗೆ ಹಡಗಿನಲ್ಲೇ ಮಲಗುವ ಆಯ್ಕೆ ಇಲ್ಲ.

ಆರು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಕಡಮತ್‌ನ ಹುಡುಗನೊಬ್ಬ ಇದ್ದ. ಎರಡನೇ ಸೆಮಿಸ್ಟರಿನಲ್ಲಿ ಅವನ ತಾಯಿಗೆ ಚಿಕಿತ್ಸೆಗಾಗಿ ಎರಡು ತಿಂಗಳು ಮಂಗಳೂರಿನಲ್ಲಿ ಇರಬೇಕಾಗಿ ಬಂತು. ಕೋಣೆ ಹುಡುಕಿದ. ಹೆಸರು ಕೇಳಿ, ಊರು ಕೇಳಿ, ಎರಡೇ ತಿಂಗಳಾ ಎಂದು ಕೇಳಿ ಒಬ್ಬೊಬ್ಬರಾಗಿ ಇಲ್ಲ ಅಂದರು. ಒಂದು ದಿನ ಸ್ಟಾಫ್‌ರೂಮಿಗೆ ಬಂದು, "ಸಾರ್, ನಿಮಗೆ ಗೊತ್ತಿರುವವರ ಕಡೆ ಎಲ್ಲಾದರೂ..." ಅಂದ. "ನೋಡುವಾ" ಅಂದೆ.

ಮನೆಯಲ್ಲಿ ಹೇಳಿದಾಗ ಅಮ್ಮ, "ಮೇಲಿನ ಕೋಣೆ ಖಾಲಿ ಉಂಟಲ್ಲ" ಅಂದರು. ನಿಜ, ಉಂಟು. ಅಪ್ಪ ಹೋದ ಮೇಲೆ ಅದು ಖಾಲಿಯೇ. ನಾನು ನೀರಿನ ಪಂಪು ಹಾಳಾಗಿದೆ ಅಂದೆ, ಮೆಟ್ಟಿಲು ಕಡಿದು, ರೋಗಿಯನ್ನು ಹತ್ತಿಸುವುದು ಕಷ್ಟ ಅಂದೆ. ಎರಡೂ ಸುಳ್ಳಲ್ಲ. ಅಮ್ಮ ಮುಂದೆ ಮಾತಾಡಲಿಲ್ಲ. ಹುಡುಗ ಬಂದರಿನ ಹತ್ತಿರದ ಒಂದು ಲಾಡ್ಜಿನಲ್ಲಿ ತಾಯಿಯನ್ನು ಇಟ್ಟುಕೊಂಡ. ಪದವಿ ಮುಗಿಸಿ ಹೋಗುವಾಗ ನನಗೆ ಮಾಸ್‌ಮೀನು ತಂದುಕೊಟ್ಟ, ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಸೂರೆಮೀನು. ಕಲ್ಲಿನಷ್ಟು ಗಟ್ಟಿ. ಅದನ್ನು ಹೇಗೆ ತಿನ್ನುವುದೆಂದು ಕೇಳುವ ಧೈರ್ಯವೂ ನನಗಾಗಲಿಲ್ಲ.

ಹಡಗಿನ ಪರವಾಗಿ ವಾದಿಸುತ್ತಿದ್ದಾಗ ನನ್ನ ತಲೆಯಲ್ಲಿ ಅಮ್ಮನ ಮಂಡಿನೋವು, ಮಗಳ ತಲೆಯಲ್ಲಿ ಮಸೂರದ ನೀರು. ಅಮ್ಮನ ತಲೆಯಲ್ಲಿ ಇದ್ದದ್ದು ಮೇಲಿನ ಕೋಣೆಯೇ ಎಂದು ನನಗೆ ಈಗ ಅನಿಸುತ್ತದೆ. ಅವರು ಹಾಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಯಾರಿಗೆ ರಾತ್ರಿ ಕೊಡಲಿಲ್ಲವೋ ಅವರ ಊರಿನಲ್ಲಿ ರಾತ್ರಿ ಬೇಡಲು ನನಗೆ ಯಾವ ಮುಖ ಎಂಬುದು ಒಂದು ಕಡೆ. ಬೇಡದೆ, ಹಗಲಲ್ಲಿ ಎಳನೀರು ಕುಡಿದು, ಸಂಜೆ ಐದಕ್ಕೆ ದೋಣಿ ಹತ್ತಿ ಬರುವುದು ಅದಕ್ಕಿಂತ ಸುಲಭ ಎಂಬುದು ಇನ್ನೊಂದು ಕಡೆ. ಹಡಗು ನನಗೆ ಹಿಡಿಸಿದ್ದು ಆ ಸುಲಭಕ್ಕೇ ಇರಬೇಕು.

ಕಡೆಗೆ ಮಂಡಿಯೇ ತೀರ್ಮಾನ ಮಾಡಿತು, ನಾನು ಅಂದುಕೊಂಡದ್ದಕ್ಕೆ ವಿರುದ್ಧವಾಗಿ. ಹಡಗಿನ ಬಾಗಿಲಿನಿಂದ ಏಳುಬೀಳುವ ದೋಣಿಗೆ ಹೆಜ್ಜೆ ಹಾಕುವುದು ಅಮ್ಮನಿಂದ ಆಗುವ ಕೆಲಸವಲ್ಲ ಎಂದು ಡಾಕ್ಟರರು ಹೇಳಿದರು. ಕೊಚ್ಚಿಯಿಂದ ಅಗತ್ತಿಗೆ ವಿಮಾನ, ಅಲ್ಲೇ ಒಂದು ಮನೆಯಲ್ಲಿ ನಾಲ್ಕು ರಾತ್ರಿ. ಮನೆಯವರು ಒಂದು ಕೋಣೆ ಕೊಡುತ್ತಾರೆ, ಅವರು ಮಾಡಿದ್ದೇ ಊಟ. ಎ.ಸಿ. ಇಲ್ಲದ ಕೋಣೆ ಕೇಳಿದ್ದೇವೆ. ದಿನಕ್ಕೆ ತಲೆಗೆ ಎರಡು ಬಕೆಟ್ ನೀರು ಎಂದು ಮಗಳು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ, ಈಗಿನಿಂದಲೇ ಅಭ್ಯಾಸವಾಗಲಿ ಅಂತ. ಪರವಾನಗಿಗೆ ಅರ್ಜಿ ಹಾಕಿದ್ದೇವೆ. ನಮ್ಮದೇ ದೇಶದ ಒಂದು ಊರಿಗೆ ಹೋಗಲು ಅನುಮತಿ ಕೇಳಬೇಕಲ್ಲ ಎಂದು ಸ್ನೇಹಿತರೊಬ್ಬರು ಸಿಡುಕಿದರು. ನನಗೆ ಅದು ಸರಿಯಾಗಿಯೇ ಕಂಡಿತು.

ಕಡಮತ್‌ನ ಹುಡುಗನ ನಂಬರು ನನ್ನ ಹಳೆಯ ಫೋನಿನಲ್ಲಿ ಸಿಕ್ಕಿತು. ಇನ್ನೂ ಮಾಡಿಲ್ಲ.

ನಿನ್ನೆ ಸಂಜೆ ಕಾಲೇಜಿನಿಂದ ಬಂದರೆ ಅಮ್ಮ ಅಡುಗೆಮನೆಯಲ್ಲಿ ಬಟ್ಟೆಯ ಚೀಲಕ್ಕೆ ಕುಚ್ಚಲಕ್ಕಿ ತುಂಬಿಸುತ್ತಿದ್ದರು. ಅಲ್ಲಿ ಅಂಗಡಿಯಲ್ಲಿ ಅಕ್ಕಿ ಸಿಗ್ತದೆ ಅಮ್ಮ, ರೇಷನ್ನೂ ಉಂಟು ಅಂದೆ. ಕೇಳಿಸದವರಂತೆ ಚೀಲದ ಬಾಯಿ ಕಟ್ಟಿದರು. ಆಮೇಲೆ, "ವಿಮಾನದಲ್ಲಿ ಎಷ್ಟು ಕಿಲೋ ಬಿಡ್ತಾರೆ?" ಅಂತ ಕೇಳಿದರು.