ಶಬರಿಯ ಬೋರೆಹಣ್ಣು

ಅಂಜನಾದ್ರಿಯ ದರ್ಶನ ಮುಗಿಸಿದ ಭಕ್ತರು ಪಂಪಾ ಸರೋವರಕ್ಕೂ ಹೋಗಿ ಬರುವುದು ವಾಡಿಕೆ. ಅಲ್ಲಿ ಶಬರಿಯ ಗುಹೆಯಿದೆ. ಆ ತಾಯಿಯ ಹೆಸರು ಹೇಳಿದರೆ ಸಾಕು, ಎಲ್ಲರಿಗೂ ನೆನಪಾಗುವುದು ಬೋರೆಹಣ್ಣು. ಉತ್ತರ ಕರ್ನಾಟಕದವರು ಅದನ್ನು ಬಾರಿಹಣ್ಣು ಎನ್ನುತ್ತಾರೆ, ಮೈಸೂರು ಕಡೆಯವರು ಎಲಚಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಅದೇ ಬದರಿ.

ಬದರಿ ಅಂದರೆ ಸಾಮಾನ್ಯ ಗಿಡವಲ್ಲ. ಹಿಮಾಲಯದಲ್ಲಿ ಅಲಕನಂದಾ ತೀರದ ಬದರೀನಾಥಕ್ಕೆ ಹೆಸರು ಬಂದದ್ದೇ ಇದರಿಂದ. ತಪಸ್ಸಿಗೆ ಕುಳಿತ ನಾರಾಯಣನಿಗೆ ಹಿಮ, ಬಿಸಿಲು ತಾಗದಿರಲೆಂದು ಲಕ್ಷ್ಮೀದೇವಿ ಬದರೀ ವೃಕ್ಷವಾಗಿ ನಿಂತಳೆಂಬುದು ಕ್ಷೇತ್ರದ ಕಥೆ. ವ್ಯಾಸರಿಗೆ ಬಾದರಾಯಣರೆಂಬ ಹೆಸರು ಬಂದದ್ದೂ ಬದರಿಯಿಂದಲೇ.

ಸಸ್ಯಶಾಸ್ತ್ರದವರು ಈ ಕುಲಕ್ಕೆ ಝಿಝಿಫಸ್ ಎಂದು ಹೆಸರಿಟ್ಟಿದ್ದಾರೆ. ಇದರಲ್ಲಿ ಪೊದೆಯಾಗಿ ಬೆಳೆಯುವ ಜಾತಿಗಳಿವೆ, ಮರವಾಗುವ ಜಾತಿಗಳೂ ಇವೆ. ಬೋರೆಗೆ ಯಾರೂ ನೀರು ಹೊಯ್ಯಬೇಕಿಲ್ಲ, ಗೊಬ್ಬರ ಹಾಕಬೇಕಿಲ್ಲ. ಬೇರು ಆಳಕ್ಕೆ ಇಳಿದು ಬರದ ನೆಲದಲ್ಲೂ ಬದುಕುತ್ತದೆ. ಕಡಿದರೆ ಮತ್ತೆ ಚಿಗುರುತ್ತದೆ. ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ದುಡ್ಡಿಲ್ಲದವನೂ ತಿನ್ನಬಹುದಾದ ಹಣ್ಣು ಅದು. ಮಕ್ಕಳು ಕಲ್ಲು ಹೊಡೆದರೂ ಹಣ್ಣನ್ನೇ ಉದುರಿಸುತ್ತದೆ.

ಮತಂಗ ಮುನಿಗಳ ಶಿಷ್ಯೆ ಶಬರಿ ಬೇಡರ ಕುಲದವಳು. ಮುನಿಗಳು ಲೋಕ ಬಿಡುವಾಗ, "ರಾಮ ಬರ್ತಾನೆ, ಕಾಯ್ತಾ ಇರು" ಎಂದು ಹೇಳಿ ಹೋದರು. ಆಕೆ ಕಾದಳು. ಆಶ್ರಮ ಗುಡಿಸಿದಳು, ಹಣ್ಣು ಆರಿಸಿದಳು, ಮುದುಕಿಯಾದಳು. ಕಬಂಧನ ಮಾತಿನಂತೆ ರಾಮಲಕ್ಷ್ಮಣರು ಪಂಪೆಯ ದಡಕ್ಕೆ ಬಂದಾಗ ಕಾಡಿನಲ್ಲಿ ಕೂಡಿಟ್ಟದ್ದನ್ನು ಅವರ ಮುಂದೆ ಇಟ್ಟಳು. ವಾಲ್ಮೀಕಿ ರಾಮಾಯಣದಲ್ಲಿ ಇರುವುದು ಇಷ್ಟು. ಕಚ್ಚಿ ರುಚಿ ನೋಡಿ ಕೊಟ್ಟಳೆಂಬುದು ಮುಂದೆ ಭಕ್ತರು ಬೆಳೆಸಿದ ಕಥೆ. "ಹುಳಿ ಹಣ್ಣು ನನ್ನಪ್ಪನಿಗೆ ಹೆಂಗೆ ಕೊಡ್ಲಿ?" ಎಂಬುದೊಂದೇ ಆಕೆಯ ಚಿಂತೆ. ಎಂಜಲು, ಮಡಿ, ಜಾತಿ ಯಾವುದೂ ಅವಳ ತಲೆಗೆ ಬರಲಿಲ್ಲ. ರಾಮನೂ ಕೇಳಲಿಲ್ಲ.

ಕೇಳಬೇಕಾದವರು ನಾವು, ನಮ್ಮನ್ನೇ. ರಾಮ ತಿಂದ ಹಣ್ಣನ್ನು ಹಾಡಿ ಹೊಗಳುತ್ತೇವೆ. ಆದರೆ ಶಬರಿಯ ಕುಲದವಳೊಬ್ಬಳು ಇಂದು ಮನೆ ಬಾಗಿಲಿಗೆ ಬಂದರೆ ಲೋಟ ಬೇರೆ, ತಟ್ಟೆ ಬೇರೆ ಇಡುವವರು ಇನ್ನೂ ಇದ್ದಾರಲ್ಲ? ಇದೆಂಥ ರಾಮಭಕ್ತಿ? ಸಂವಿಧಾನ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದಕ್ಕೂ ಶತಮಾನಗಳ ಹಿಂದೆ, ದಕ್ಷಿಣ ಬದರಿ ಎನಿಸಿದ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ಹೊರಗಿಟ್ಟ ಜನರನ್ನು ತಿರುಕುಲದವರೆಂದು ಕರೆದು ದೇವರ ಬಳಿಗೆ ಬರಮಾಡಿಕೊಂಡರೆಂದು ಪರಂಪರೆ ಹೇಳುತ್ತದೆ. ಕಾನೂನೂ ಹೇಳಿತು, ಆಚಾರ್ಯರೂ ಹೇಳಿದರು. ಇನ್ನು ಬಾಕಿ ಇರುವುದು ಮನಸ್ಸು ಮಾತ್ರ.

ಬೋರೆಯ ಕೊಂಬೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಮುಳ್ಳು ಜೋಡಿಯಾಗಿರುತ್ತದೆ. ಒಂದು ನೇರ, ಇನ್ನೊಂದು ಕೊಕ್ಕೆಯಂತೆ ಬಾಗಿದ್ದು. ನೇರ ಮುಳ್ಳು ಸಿಟ್ಟಿನ ಹಾಗೆ, ಚುಚ್ಚಿದ ಕೂಡಲೇ ತಿಳಿಯುತ್ತದೆ. ಕೊಕ್ಕೆ ಮುಳ್ಳು ಕುಲದ ಅಭಿಮಾನದ ಹಾಗೆ. ಸಿಕ್ಕಿಕೊಂಡದ್ದು ಗೊತ್ತೇ ಆಗುವುದಿಲ್ಲ, ಮುಂದೆ ಹೆಜ್ಜೆ ಇಟ್ಟಾಗ ಹಿಂದಕ್ಕೆ ಎಳೆಯುತ್ತದೆ. ಜಗ್ಗಿದರೆ ಬಟ್ಟೆ ಹರಿಯುತ್ತದೆ. ನಿಂತು, ಬಗ್ಗಿ, ನಿಧಾನಕ್ಕೆ ಬಿಡಿಸಿಕೊಳ್ಳಬೇಕು. ಬಗ್ಗುವುದೇ ಭಕ್ತಿ.

ಸಂಕ್ರಾಂತಿಯಲ್ಲಿ ಮಕ್ಕಳಿಗೆ ಆರತಿ ಎತ್ತಿ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಕಾಸು ಸುರಿಯುವ ಪದ್ಧತಿ ನಮ್ಮ ಹಲವು ಮನೆಗಳಲ್ಲಿದೆ. ಕೆಳಗೆ ಬಿದ್ದದ್ದನ್ನು ಅಕ್ಕಪಕ್ಕದ ಮಕ್ಕಳು ನಗುನಗುತ್ತಾ ಆರಿಸಿಕೊಳ್ಳುತ್ತವೆ. ಯಾವ ಮಗು ಮುಟ್ಟಿದ ಹಣ್ಣೆಂದು ಇನ್ನೊಂದು ಮಗು ಕೇಳುವುದಿಲ್ಲ. ದೊಡ್ಡವರು ಕಲಿಸಿಕೊಟ್ಟ ಮೇಲೆ ಕೇಳಲು ಶುರು ಮಾಡುತ್ತದೆ. ಆ ಪಾಠ ಕಲಿಸದೇ ಇರುವುದೂ ಒಂದು ಪುಣ್ಯ ಕಾರ್ಯವೇ.

ಬೆಟ್ಟ ಹತ್ತುವಾಗ ಬಾಯಾರಿದವನಿಗೆ ಯಾರೋ ನೀರು ಕೊಡುತ್ತಾರೆ, ದಣಿದ ಮುದುಕಿಗೆ ಯಾರೋ ಕೈ ಕೊಡುತ್ತಾರೆ. ಆಗ ಕುಲ ಕೇಳದೆ ಹಿಡಿದ ಕೈಯನ್ನು ಊರಿಗೆ ಹೋದ ಮೇಲೂ ಬಿಡದವನ ಯಾತ್ರೆಯೇ ಸಫಲ. ಅಂಥವನ ಮನೆಗೆ ರಾಮ ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ, ಶಬರಿಯ ಗುಡಿಸಲಿಗೆ ಬಂದ ಹಾಗೆ.

॥ ಶ್ರೀರಾಮಾರ್ಪಣಮಸ್ತು ॥