ತಟ್ಟದವನ ಪಾಲು

ಐರೋಳಿಯಿಂದ ಹೊರಟ ದೋಣಿ ಠಾಣೆ ಕ್ರೀಕ್‌ನ ಕೆಸರುದಿಣ್ಣೆಯ ಬಳಿ ನಿಂತಾಗ ಸೂರ್ಯ ಆಗಷ್ಟೇ ಎದ್ದಿದ್ದ. ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಕೊಕ್ಕು ತಲೆಕೆಳಗು ಮಾಡಿ ಪಾಚಿ ಸೋಸಿ ತಿನ್ನುತ್ತಿದ್ದವು. ನಿಂತ ಹಕ್ಕಿ ಮಾಸಲು ಗುಲಾಬಿ. ರೆಕ್ಕೆ ಬಿಚ್ಚಿದರಷ್ಟೇ ಆ ಕೆಂಪು, ಆ ಕಪ್ಪು. ದೋಣಿಯಲ್ಲಿದ್ದವರೊಬ್ಬರು ಚಪ್ಪಾಳೆ ತಟ್ಟಿದರು. ಹಿಂಡು ಮೇಲೆದ್ದಿತು. ನಾನು ತಟ್ಟಲಿಲ್ಲ, ಕ್ಲಿಕ್ ಮಾಡಿದೆ.

ಆ ಚಿತ್ರ ಎರಡು ವರ್ಷ ನಮ್ಮ ಡೊಂಬಿವಲಿ ಮನೆಯ ಗೋಡೆಯ ಮೇಲಿತ್ತು. ತಪ್ಪು ತಟ್ಟಿದವರದ್ದು ಅಂದುಕೊಂಡಿದ್ದೆ. ಜಾಗವೇನೋ 2015ರಿಂದ ಅಭಯಾರಣ್ಯ, 2022ರಿಂದ ರಾಮ್ಸರ್ ತಾಣ. ಒಂದು ಚಪ್ಪಾಳೆಯಿಂದ ಏನು ಮಹಾ ನಷ್ಟ ಎಂಬ ಸಮಾಧಾನವೂ ಇತ್ತು. ಆದರೆ ಕೆಸರು ತೆರೆದುಕೊಳ್ಳುವುದು ಇಳಿತದಲ್ಲಿ ಮಾತ್ರ. ಆ ಕೆಲವು ಗಂಟೆಯೇ ಅವುಗಳ ಊಟದ ಹೊತ್ತು. ಉಣ್ಣುತ್ತಿರುವವರನ್ನು ಎಲೆಯ ಮುಂದಿನಿಂದ ಎಬ್ಬಿಸಬಾರದು ಎಂದು ಅಜ್ಜಿ ಹೇಳುತ್ತಿದ್ದರು. ಎಬ್ಬಿಸಿದವರು ಬೇರೆ, ಅದರ ಲಾಭ ಉಂಡವನು ನಾನು.

ಭರತ ಏರಿದಾಗ ಅವು ತಾವಾಗಿಯೇ ಎದ್ದು ನೆರೂಳಿನ ಜೌಗು ಪ್ರದೇಶದ ಕಡೆ ಹಾರುತ್ತವೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಎಳೆಬಿಸಿಲಿಗೆ ಅದು ಕೂಡಿಬರುವ ಭಾನುವಾರಕ್ಕೆ ಕಾಯಬೇಕು. ಚಿತ್ರ ಇಳಿಸಿದ್ದೇನೆ. ಅಲ್ಲಿಯ ತನಕ ಗೋಡೆ ಖಾಲಿ ಇರಲಿ.